ಕೊಂಬಿಲ್ಲದ ಹ್ಯಾಮರ್: ಎ.ಎಸ್.ಪಿ. ಪಿಸ್ತೂಲಿನ ಒಂದು ಪ್ರಕರಣ ಅಧ್ಯಯನ

ಬಟ್ಟೆಯೊಳಗೆ ಮರೆಮಾಡಿ ಒಯ್ಯುವ ಚಿಕ್ಕ ಪಿಸ್ತೂಲಿನ ಹ್ಯಾಮರ್ (ಗುಂಡಿಗೆ ಹೊಡೆತ ಕೊಡುವ ಹಿಂಬದಿಯ ಸುತ್ತಿಗೆ) ಮತ್ತು ಟ್ರಿಗರನ್ನು ಮಾರ್ಪಡಿಸುವ ಕೆಲಸ ಅಮೆರಿಕದ ಗನ್‌ಸ್ಮಿತ್‌ಗಳಿಗೆ, ಅಂದರೆ ಬಂದೂಕು ದುರಸ್ತಿಗಾರರಿಗೆ, ಹೊಸದಲ್ಲ. ಆದರೆ ಆ ಕೆಲಸದ ಹಿಂದಿನ ತರ್ಕ ಒಂದೇ ಕಡೆ ಪೂರ್ತಿಯಾಗಿ ಕಾಣಸಿಗುವ ನಿದರ್ಶನಗಳು ಕಡಿಮೆ. ಅಂಥದ್ದೊಂದು, 1970ರ ಆಸುಪಾಸಿನಲ್ಲಿ ನ್ಯೂಯಾರ್ಕ್ ನಗರದ ಪ್ಯಾರಿಸ್ ಥಿಯೋಡರ್ ತಯಾರಿಸಿದ ಎ.ಎಸ್.ಪಿ. ಎಂಬ ಪಿಸ್ತೂಲು. ಥಿಯೋಡರ್ ಮೂಲತಃ ಪಿಸ್ತೂಲು ತಯಾರಕರಲ್ಲ; 1966ರಲ್ಲಿ ಸ್ಥಾಪಿಸಿದ ತಮ್ಮ ಸೆವೆನ್‌ಟ್ರೀಸ್ ಸಂಸ್ಥೆಯಲ್ಲಿ, ಆಯುಧವನ್ನು ಉಡುಪಿನೊಳಗೆ ಅಡಗಿಸಿಡುವ ಚರ್ಮದ ಚೀಲಗಳನ್ನು ಹೊಲಿಸುತ್ತಿದ್ದವರು. ಪಿಸ್ತೂಲು ಬಟ್ಟೆಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಮೂಲೆ ಕೋಟಿನ ಹೊರಗೆ ಉಬ್ಬಿ ಕಾಣುತ್ತದೆ, ಯಾವ ಅಂಚು ಚರ್ಮವನ್ನು ತಿನ್ನುತ್ತದೆ ಎಂಬುದು ಅವರಿಗೆ ಚೀಲದ ಕಡೆಯಿಂದ ತಿಳಿದ ವಿಷಯವಾಗಿತ್ತು. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಮಾಡೆಲ್ 39 ಪಿಸ್ತೂಲನ್ನು ತೆಗೆದುಕೊಂಡು, ಅದರ ಮೇಲೆ ಇನ್ನೂರಕ್ಕೂ ಮೀರಿದ ಸಣ್ಣ ದೊಡ್ಡ ಬದಲಾವಣೆಗಳನ್ನು ಮಾಡಿ ಎ.ಎಸ್.ಪಿ. ಸಿದ್ಧಪಡಿಸಲಾಯಿತು ಎಂಬುದು ತಯಾರಕರ ಹೇಳಿಕೆ. ಪ್ರಸ್ತುತ ಅಧ್ಯಯನಕ್ಕೆ ಅವುಗಳಲ್ಲಿ ಹ್ಯಾಮರ್ ಮತ್ತು ಟ್ರಿಗರಿಗೆ ಸಂಬಂಧಿಸಿದವು ಮುಖ್ಯ. ಉಳಿದವನ್ನು ಈ ಎರಡರ ಮೇಲೆ ಪರಿಣಾಮ ಬೀರುವಷ್ಟರ ಮಟ್ಟಿಗೆ ಮಾತ್ರ ನೋಡಲಾಗಿದೆ.

ಮೊದಲು ಮೂಲ ಪಿಸ್ತೂಲಿನ ವಿಚಾರ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೇನೆ ಹಗುರವಾದ 9 ಮಿ.ಮೀ. ಪಿಸ್ತೂಲಿನಲ್ಲಿ ಆಸಕ್ತಿ ತೋರಿಸಿದಾಗ, ಜರ್ಮನಿಯ ವಾಲ್ಥರ್ ಪಿ 38ರ ಟ್ರಿಗರ್ ಕ್ರಮವನ್ನು ಮಾದರಿಯಾಗಿಟ್ಟುಕೊಂಡು ಸ್ಮಿತ್ ಅಂಡ್ ವೆಸ್ಸನ್ ಒಂದು ವಿನ್ಯಾಸವನ್ನು ರೂಪಿಸಿತು. ಸೇನೆ ಅದನ್ನು ಕೊಳ್ಳದಿದ್ದರೂ 1950ರ ದಶಕದ ನಡುವೆ ಅದು ನಾಗರಿಕ ಮಾರುಕಟ್ಟೆಗೆ ಬಂತು, 1957ರಲ್ಲಿ ಕಂಪನಿ ತನ್ನ ಎಲ್ಲ ಆಯುಧಗಳಿಗೆ ಸಂಖ್ಯೆ ಕೊಟ್ಟಾಗ 39 ಎಂಬ ಹೆಸರು ಪಡೆಯಿತು. ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟು, 4 ಅಂಗುಲದ ನಳಿಗೆ, ಒಂದೇ ಸಾಲಿನಲ್ಲಿ 8 ಗುಂಡು ಹಿಡಿಯುವ ಮ್ಯಾಗಜೀನ್. 1967ರಲ್ಲಿ ಇಲಿನಾಯ್ ರಾಜ್ಯ ಪೊಲೀಸರು ರಿವಾಲ್ವರ್ ಬಿಟ್ಟು ಇದನ್ನು ಒಪ್ಪಿಕೊಂಡ ಮೇಲೆ ಅದಕ್ಕೊಂದು ಗಂಭೀರ ಸ್ಥಾನ ದೊರೆಯಿತು.

ಮಾಡೆಲ್ 39ರ ಟ್ರಿಗರ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಹ್ಯಾಮರ್ ಕೆಳಗೆ ಬಿದ್ದ ಸ್ಥಿತಿಯಲ್ಲಿದ್ದಾಗ ಟ್ರಿಗರನ್ನು ಎಳೆದರೆ, ಆ ಒಂದೇ ಎಳೆತ ಹ್ಯಾಮರನ್ನು ಹಿಂದಕ್ಕೆತ್ತಿ ಬಿಡುಗಡೆಯನ್ನೂ ಮಾಡುತ್ತದೆ. ಇದು ಉದ್ದವಾದ, ಭಾರವಾದ ಎಳೆತ, ಇಂಥ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ 10ರಿಂದ 14 ಪೌಂಡಿನಷ್ಟು ಬಲ ಬೇಡುವಂಥದ್ದು. ಗುಂಡು ಹಾರಿದೊಡನೆ ಸ್ಲೈಡ್ (ಚೌಕಟ್ಟಿನ ಮೇಲೆ ಹಿಂದೆ ಮುಂದೆ ಜಾರುವ ಮೇಲ್ಭಾಗ) ಹಿಂದೆ ಸರಿದು ಹ್ಯಾಮರನ್ನು ತಾನೇ ಎತ್ತಿ ನಿಲ್ಲಿಸುವುದರಿಂದ, ಎರಡನೆಯ ಗುಂಡಿನಿಂದಾಚೆಗೆ ಎಳೆತ ಚಿಕ್ಕದಾಗಿ, ಅರ್ಧಕ್ಕಿಂತ ಕಡಿಮೆ ಬಲಕ್ಕೇ ಹ್ಯಾಮರನ್ನು ಬಿಡುತ್ತದೆ. ಸ್ಲೈಡಿನ ಎಡಬದಿಯಲ್ಲಿರುವ ಸೇಫ್ಟಿ ಸನ್ನೆಯನ್ನು ಕೆಳಗೊತ್ತಿದರೆ, ಹ್ಯಾಮರಿನ ಹೊಡೆತವನ್ನು ಗುಂಡಿಗೆ ಮುಟ್ಟಿಸುವ ಮೊಳೆಯಾದ ಫೈರಿಂಗ್ ಪಿನ್ ಆ ಹೊಡೆತಕ್ಕೆ ಸಿಗದಂತೆ ಮರೆಯಾಗಿ, ಎತ್ತಿ ನಿಂತ ಹ್ಯಾಮರ್ ನಿರಪಾಯವಾಗಿ ಕೆಳಗೆ ಬೀಳುತ್ತದೆ. ಎ.ಎಸ್.ಪಿ.ಯ ಇಡೀ ವಾದ ನಿಂತಿರುವುದು ಈ ಸನ್ನೆಯ ಮೇಲೆ. ಮೇಲ್ನೋಟಕ್ಕೆ ಅದು ಟ್ರಿಗರಿಗೂ ಹ್ಯಾಮರಿಗೂ ಹೊರಗಿನ ಭಾಗದಂತೆ ಕಂಡರೂ, ಹ್ಯಾಮರಿನ ಆಕಾರವನ್ನು ಬದಲಿಸುವ ಸ್ವಾತಂತ್ರ್ಯ ಗನ್‌ಸ್ಮಿತ್‌ಗೆ ದೊರೆತದ್ದು ಅದರಿಂದಲೇ.

ಹ್ಯಾಮರಿನ ಹಿಂತುದಿಯಲ್ಲಿ ಹೆಬ್ಬೆರಳಿಗೆಂದು ಹೊರಚಾಚಿರುವ ಕೊಂಬು ಯಾವ ಯಾವ ಕೆಲಸಕ್ಕೆ ಇದೆ ಎಂದು ಕೇಳಿಕೊಂಡರೆ ಪ್ರಕರಣದ ತಿರುಳು ಬಿಚ್ಚಿಕೊಳ್ಳುತ್ತದೆ. ಮೊದಲನೆಯದಾಗಿ, ಕೊಂಬನ್ನು ಹಿಂದಕ್ಕೆಳೆದು ಹ್ಯಾಮರನ್ನು ಕೈಯಿಂದಲೇ ಎತ್ತಿ ನಿಲ್ಲಿಸಬಹುದು. ಮಾಡೆಲ್ 39ರಲ್ಲಿ ಮೊದಲ ಎಳೆತವೇ ಆ ಕೆಲಸ ಮಾಡುವುದರಿಂದ, ನಿಖರತೆಗಾಗಿ ಹಗುರ ಎಳೆತ ಬೇಕೆಂದು ಬಯಸುವ ಸಂದರ್ಭ ಬಿಟ್ಟರೆ ಇದು ಅನಿವಾರ್ಯವಲ್ಲ. ಎರಡನೆಯದಾಗಿ, ಎತ್ತಿ ನಿಂತ ಹ್ಯಾಮರನ್ನು ಹೆಬ್ಬೆರಳಲ್ಲಿ ತಡೆದು, ಟ್ರಿಗರ್ ಒತ್ತಿ, ಮೆಲ್ಲಗೆ ಕೆಳಗಿಳಿಸಬಹುದು. ನಳಿಗೆಯಲ್ಲಿ ಗುಂಡು ತುಂಬಿರುವಾಗಲೇ ಹೀಗೆ ಇಳಿಸಹೋಗಿ ಬೆರಳು ಜಾರಿ ಆಗಿರುವ ಅನಾಹುತಗಳು ಯಾವ ಶೂಟಿಂಗ್ ಮೈದಾನದಲ್ಲೂ ಹೊಸ ಸುದ್ದಿಯಲ್ಲ. ಸೇಫ್ಟಿ ಸನ್ನೆಯೇ ಹ್ಯಾಮರನ್ನು ಇಳಿಸುವ ಪಿಸ್ತೂಲಿನಲ್ಲಿ ಆ ಸಾಹಸಕ್ಕೆ ಕಾರಣವೇ ಇಲ್ಲ. ಮೂರನೆಯದಾಗಿ, ಪ್ರೈಮರ್ (ಗುಂಡಿನ ತಳದ ಕಿಡಿಮದ್ದು) ಹೊತ್ತಿಕೊಳ್ಳದೆ ಗುಂಡು ಠುಸ್ಸಾದಾಗ ಕೊಂಬೆಳೆದು ಮತ್ತೊಮ್ಮೆ ಹೊಡೆಯಬಹುದು. ಇಲ್ಲಿ ಅದಕ್ಕೂ ಟ್ರಿಗರನ್ನು ಇನ್ನೊಮ್ಮೆ ಎಳೆದರೆ ಸಾಕು. ಹೀಗೆ ಮೂರೂ ಕೆಲಸಗಳಿಗೆ ಯಂತ್ರದಲ್ಲೇ ಬೇರೆ ದಾರಿ ಇರುವಾಗ ಕೊಂಬು ಉಳಿಯಬೇಕಾದದ್ದು ಅಭ್ಯಾಸಬಲದಿಂದಷ್ಟೇ. ಥಿಯೋಡರ್ ಅದನ್ನು ಕತ್ತರಿಸಿ ತೆಗೆದು, ಉಳಿದ ತಲೆಯನ್ನು ದುಂಡಗೆ ನುಣುಪುಗೊಳಿಸಿದರು.

ಕೊಂಬಿನ ನಾಲ್ಕನೆಯ ಉಪಯೋಗವೊಂದಿದೆ, ಅದನ್ನು ಬಹುಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಿಸ್ತೂಲನ್ನು ಚೀಲಕ್ಕೆ ಮರಳಿಸುವಾಗ ಹೆಬ್ಬೆರಳನ್ನು ಹ್ಯಾಮರಿನ ಮೇಲೆ ಒತ್ತಿ ಹಿಡಿಯುವುದು ಒಳ್ಳೆಯ ರೂಢಿ. ಅಂಗಿಯ ಚುಂಗೋ ಚೀಲದ ಪಟ್ಟಿಯೋ ಟ್ರಿಗರಿನೊಳಗೆ ಸಿಕ್ಕಿ ಅದನ್ನು ಎಳೆಯತೊಡಗಿದರೆ ಹ್ಯಾಮರ್ ಮೇಲೇಳುವುದು ಹೆಬ್ಬೆರಳಿಗೆ ತಕ್ಷಣ ತಿಳಿಯುತ್ತದೆ, ಕೈ ನಿಲ್ಲುತ್ತದೆ. ಕೊಂಬು ಹೋದ ಮೇಲೂ ಹ್ಯಾಮರಿನ ಬೆನ್ನು ಸ್ಲೈಡಿನ ಹಿಂಬದಿಯಲ್ಲಿ ಬೆರಳಿಗೆ ಸಿಗುವಷ್ಟು ಉಳಿದಿದ್ದರೆ ಈ ರಕ್ಷಣೆ ಉಳಿಯುತ್ತದೆ. ಪೂರ್ತಿ ಒಳಗೆ ಹುದುಗುವಂತೆ ಸವೆಸಿಬಿಟ್ಟರೆ ಹೋಗುತ್ತದೆ. ಇಂದಿಗೂ ಇಂಥ ಕೆಲಸ ಮಾಡಿಸುವವರು ಗನ್‌ಸ್ಮಿತ್‌ಗೆ ಮೊದಲು ಹೇಳಬೇಕಾದ ಮಾತು ಇದೇ ಎಂಬುದು ನನ್ನ ಅಭಿಪ್ರಾಯ: ಎಷ್ಟು ಕತ್ತರಿಸಬೇಕು ಎನ್ನುವುದಕ್ಕಿಂತ ಎಷ್ಟು ಉಳಿಸಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು.

ಕೊಂಬು ಮಾಡುತ್ತಿದ್ದ ತೊಂದರೆಯೂ ಕಾಲ್ಪನಿಕವಲ್ಲ. ಕೋಟಿನ ಒಳಗಿನಿಂದ ಪಿಸ್ತೂಲನ್ನು ಮೇಲಕ್ಕೆಳೆಯುವಾಗ ಅದರ ಹಿಂಬದಿಯ ಮೇಲ್ತುದಿ ಅಸ್ತರಿಗೆ ಉಜ್ಜುತ್ತ ಬರುತ್ತದೆ. ಕೊಂಬಿನ ಕೆಳಗಿನ ಓರೆ, ಬಟ್ಟೆ ಸಿಕ್ಕಿಕೊಳ್ಳಲೆಂದೇ ಮಾಡಿದಂತಿರುತ್ತದೆ, ಅದರ ಮೇಲಿನ ಗೀರುಗಳು ಬೆರಳು ಜಾರದಿರಲೆಂದು ಇದ್ದರೂ ನೂಲನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತವೆ. ಒಮ್ಮೆ ಸಿಕ್ಕಿಕೊಂಡರೆ ಕೈ ಎಷ್ಟು ಬಲವಾಗಿ ಎಳೆಯುತ್ತದೋ ಬಟ್ಟೆಯೂ ಅಷ್ಟೇ ಬಲವಾಗಿ ಹಿಡಿದುಕೊಳ್ಳುತ್ತದೆ. ಬಿಗಿ ಉಡುಪಿನಡಿ ದಿನವಿಡೀ ಧರಿಸಿದಾಗ ಅದೇ ಕೊಂಬು ಪಕ್ಕೆಗೆ ಚುಚ್ಚುತ್ತದೆ, ಅಂಗಿಯನ್ನು ಒಂದೇ ಜಾಗದಲ್ಲಿ ತೂತು ಬೀಳುವವರೆಗೆ ಸವೆಸುತ್ತದೆ.

ಇಲ್ಲಿಯವರೆಗಿನದು ಆಕಾರದ ಮಾತು. ಹ್ಯಾಮರಿನ ತೂಕ ಇಳಿದಾಗ ಹೊಡೆತಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯ ಬಗ್ಗೆ ಹೆಚ್ಚು ಗೊಂದಲವಿದೆ. ಹ್ಯಾಮರ್ ಹಗುರವಾದರೆ ಹೊಡೆತ ದುರ್ಬಲವಾಗುತ್ತದೆ ಎಂದು ಒಂದು ಪಕ್ಷ, ವೇಗ ಹೆಚ್ಚಿ ಸರಿಹೋಗುತ್ತದೆ ಎಂದು ಇನ್ನೊಂದು ಪಕ್ಷ. ಎರಡರಲ್ಲೂ ಅರ್ಧರ್ಧ ಸತ್ಯವಿದೆ. ಹ್ಯಾಮರಿಗೆ ಶಕ್ತಿ ಕೊಡುವುದು ಅದರ ಸ್ಪ್ರಿಂಗ್. ಸ್ಪ್ರಿಂಗ್ ಬದಲಾಗದಿದ್ದರೆ ಅದು ಕೊಡುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಗುರವಾದ ಹ್ಯಾಮರ್ ಆ ಶಕ್ತಿಯನ್ನು ಹೆಚ್ಚಿನ ವೇಗವಾಗಿ ಹೊತ್ತೊಯ್ಯುತ್ತದೆ. ಆದರೆ ವೇಗ ಹೆಚ್ಚುವುದು ವರ್ಗಮೂಲದ ಲೆಕ್ಕದಲ್ಲಿ. ಉದಾಹರಣೆಗೆ, ಹ್ಯಾಮರಿನ ತಿರುಗುವ ಜಡತ್ವ ಶೇಕಡ 20ರಷ್ಟು ಕಡಿಮೆಯಾದರೆ ವೇಗ ಸುಮಾರು ಶೇಕಡ 12ರಷ್ಟು ಏರುತ್ತದೆ, ಸಂವೇಗ ಸುಮಾರು ಶೇಕಡ 11ರಷ್ಟು ಇಳಿಯುತ್ತದೆ. ಶಕ್ತಿ ಉಳಿಯಿತು, ಸಂವೇಗ ಇಳಿಯಿತು. ಪ್ರೈಮರ್ ಹೊತ್ತುವುದಕ್ಕೆ ಎರಡೂ ಬೇಕಾಗಿರುವುದರಿಂದ, ಮತ್ತು ಹ್ಯಾಮರಿನಿಂದ ಫೈರಿಂಗ್ ಪಿನ್ನಿಗೆ ಶಕ್ತಿ ಎಷ್ಟು ದಾಟುತ್ತದೆ ಎಂಬುದು ಆ ಎರಡರ ತೂಕದ ಹೊಂದಾಣಿಕೆಯ ಮೇಲೆ ನಿಂತಿರುವುದರಿಂದ, ಕಾಗದದ ಲೆಕ್ಕ ನೋಡಿ ನಿಶ್ಚಿಂತರಾಗುವಂತಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ಕೊಂಬು ಇರುವುದು ಹ್ಯಾಮರ್ ತಿರುಗುವ ಕೀಲಿನಿಂದ ಅತಿ ದೂರದಲ್ಲಿ. ತಿರುಗುವ ವಸ್ತುವಿನ ಜಡತ್ವಕ್ಕೆ ಪ್ರತಿ ಗ್ರಾಂ ಕೊಡುವ ಪಾಲು ಕೀಲಿನಿಂದ ಅದರ ದೂರದ ವರ್ಗದಷ್ಟು. ಹಾಗಾಗಿ ತೂಕದಲ್ಲಿ ಅಲ್ಪವಾಗಿ ಕಾಣುವ ಕೊಂಬು ಜಡತ್ವದಲ್ಲಿ ಅಲ್ಪವಲ್ಲ. ಅದನ್ನು ತೆಗೆದರೆ ಹ್ಯಾಮರ್ ಬೀಳುವ ಅವಧಿ ತಕ್ಕಡಿಯ ತೂಕದಿಂದ ಊಹಿಸಿದ್ದಕ್ಕಿಂತಲೂ ಹೆಚ್ಚಾಗಿ ಇಳಿಯುತ್ತದೆ. ಟ್ರಿಗರ್ ಹ್ಯಾಮರನ್ನು ಬಿಟ್ಟ ಕ್ಷಣಕ್ಕೂ ಪ್ರೈಮರ್ ಹೊತ್ತುವ ಕ್ಷಣಕ್ಕೂ ನಡುವಿನ ಅಂತರ ಕಿರಿದಾದಷ್ಟೂ ಆ ನಡುವೆ ಕೈ ಅಲುಗುವ ಅವಕಾಶ ಕಡಿಮೆ. ಗುರಿಸ್ಪರ್ಧೆಯ ಶೂಟರುಗಳು ಹ್ಯಾಮರಿನಲ್ಲಿ ತೂತು ಕೊರೆಸಿ ಹಗುರ ಮಾಡಿಸುವುದು ಇದೇ ಲಾಭಕ್ಕಾಗಿ. ಮರೆಯಲ್ಲಿ ಒಯ್ಯುವ ಪಿಸ್ತೂಲಿಗೆ ಇದು ಬಯಸದೇ ಬಂದ ಸಣ್ಣ ಲಾಭ, ಇದಕ್ಕಾಗಿಯೇ ಯಾರೂ ಕೊಂಬು ಕತ್ತರಿಸಬೇಕಾಗಿಲ್ಲ.

ನಿಜವಾದ ಅಪಾಯ ತಲೆಯೆತ್ತುವುದು ಕೊಂಬು ತೆಗೆದವರು ಅದೇ ಉತ್ಸಾಹದಲ್ಲಿ ಸ್ಪ್ರಿಂಗಿಗೂ ಕೈ ಹಾಕಿದಾಗ. ಮೊದಲ ಎಳೆತದ ಭಾರದ ಬಹುಪಾಲು ಹ್ಯಾಮರ್ ಸ್ಪ್ರಿಂಗನ್ನು ಅದುಮುವುದರಲ್ಲಿದೆ. ಆದ್ದರಿಂದ ದುರ್ಬಲ ಸ್ಪ್ರಿಂಗ್ ಹಾಕಿದರೆ ಎಳೆತ ಕೂಡಲೇ ಹಗುರವಾಗುತ್ತದೆ, ಅಂಗಡಿಯ ಕಟ್ಟೆಯ ಮೇಲೆ ಖಾಲಿ ಪಿಸ್ತೂಲನ್ನು ಎಳೆದು ನೋಡುವ ಗಿರಾಕಿಗೆ ಅದು ಬೆಣ್ಣೆಯಂತೆ ಅನಿಸುತ್ತದೆ. ಈಗ ಹ್ಯಾಮರಿಗೆ ಸಂವೇಗವೂ ಕಡಿಮೆ, ಶಕ್ತಿಯೂ ಕಡಿಮೆ. ಗಟ್ಟಿ ಪ್ರೈಮರಿನ ಮಿಲಿಟರಿ ತೋಟಾ ಬಂದಾಗ, ಇಲ್ಲವೇ ಚಳಿಗೆ ಎಣ್ಣೆ ದಪ್ಪಗಟ್ಟಿ ಫೈರಿಂಗ್ ಪಿನ್ ನಿಧಾನವಾದಾಗ, ಪ್ರೈಮರ್ ಮೇಲೆ ಆಳವಿಲ್ಲದ ಗುಳಿಯೊಂದು ಬಿದ್ದು ಗುಂಡು ಹಾರದೆ ಉಳಿಯುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ: ಗುಂಡು ಹಾರಿದ ಮೇಲೆ ಹಿಂದೆ ಸರಿಯುವ ಸ್ಲೈಡ್ ಮೊದಲು ಎದುರಿಸುವ ತಡೆಗಳಲ್ಲಿ ಹ್ಯಾಮರ್ ಸ್ಪ್ರಿಂಗೂ ಒಂದು. ಅದನ್ನು ದುರ್ಬಲಗೊಳಿಸಿದರೆ ಸ್ಲೈಡ್ ಇನ್ನಷ್ಟು ವೇಗವಾಗಿ ಹಿಂದೆ ಹಾರುತ್ತದೆ.

ಎ.ಎಸ್.ಪಿ.ಯ ವಿಷಯದಲ್ಲಿ ಈ ಕಡೆಯ ಮಾತು ಕೇವಲ ತಾತ್ವಿಕವಲ್ಲ. ಅಲ್ಲಿ ನಳಿಗೆಯನ್ನೂ ಸ್ಲೈಡನ್ನೂ ಕತ್ತರಿಸಿ ಗಿಡ್ಡ ಮಾಡಲಾಗಿತ್ತು. ಗಿಡ್ಡ ಸ್ಲೈಡ್ ಹಗುರ, ಹಗುರ ಸ್ಲೈಡ್ ವೇಗ, ವೇಗ ಹೆಚ್ಚಿದಂತೆ ಮ್ಯಾಗಜೀನ್ ಸ್ಪ್ರಿಂಗಿಗೆ ಮುಂದಿನ ಗುಂಡನ್ನು ಮೇಲೆ ತರಲು ಸಿಗುವ ಸಮಯ ಕಡಿಮೆ. ಪೂರ್ತಿ ಅಳತೆಯ ಪಿಸ್ತೂಲಿನಲ್ಲಿ ಎದ್ದುಕಾಣದ ಸಣ್ಣ ದೋಷ ಗಿಡ್ಡ ಪಿಸ್ತೂಲಿನಲ್ಲಿ ಸಿಕ್ಕಿಹಾಕಿಕೊಂಡ ಗುಂಡಾಗಿ ಹೊರಬೀಳುತ್ತದೆ. ಹಿಡಿಯನ್ನೂ 8 ಗುಂಡಿನ ಬದಲು 7 ಗುಂಡು ಹಿಡಿಯುವಷ್ಟಕ್ಕೆ ಕುಗ್ಗಿಸಲಾಗಿತ್ತು. ಹ್ಯಾಮರ್ ಸ್ಪ್ರಿಂಗ್ ಇರುವುದು ಆ ಹಿಡಿಯ ಬೆನ್ನಿನಲ್ಲೇ ಆದ್ದರಿಂದ, ಹಿಡಿ ಕತ್ತರಿಸುವವನು ಸ್ಪ್ರಿಂಗಿನ ಮನೆಯ ಪಕ್ಕದಲ್ಲೇ ಗರಗಸ ಇಟ್ಟಂತೆ. ಒಂದು ಭಾಗವನ್ನು ಮುಟ್ಟಿದರೆ ಉಳಿದ ಮೂರು ಕೇಳುತ್ತವೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಇನ್ನು ಟ್ರಿಗರ್. ಎಳೆತದ ಭಾರವೊಂದನ್ನೇ ಹಿಡಿದು ಚರ್ಚಿಸುವುದು ಈ ಕ್ಷೇತ್ರದ ಹಳೆಯ ಚಾಳಿ, ಆದರೆ ಉದ್ದ ಎಳೆತದ ಪಿಸ್ತೂಲಿನಲ್ಲಿ ಬೆರಳಿಗೆ ಮೊದಲು ತಾಗುವುದು ಟ್ರಿಗರಿನ ಮುಖ. ಎಳೆತ ಉದ್ದವಿದ್ದಾಗ ಬೆರಳು ಟ್ರಿಗರಿನ ಮೇಲೆ ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ. ಹಿಂದಕ್ಕೆ ಬಾಗುತ್ತ ಬಂದಂತೆ ಅದು ಮುಖದ ಅಡ್ಡಕ್ಕೆ ತುಸು ಉರುಳುತ್ತದೆ, ಜಾರುತ್ತದೆ. ಗೀರು ಕೊರೆದ ಮುಖ ಆ ಜಾರುವಿಕೆಯನ್ನು ತಡೆದು, ಬೆರಳಿನ ಚರ್ಮವನ್ನು ಹಿಡಿದು, ಪಿಸ್ತೂಲಿನ ಮೂತಿಯನ್ನೇ ಪಕ್ಕಕ್ಕೆ ಎಳೆಯುತ್ತದೆ. ನುಣುಪಾದ, ಅಂಚು ದುಂಡಗಿನ ಮುಖ ಬೆರಳನ್ನು ಜಾರಲು ಬಿಡುತ್ತದೆ, ಮೂತಿ ಇದ್ದಲ್ಲಿಯೇ ಉಳಿಯುತ್ತದೆ. ಚಿಕ್ಕ ಎಳೆತದ ಸ್ಪರ್ಧಾ ಪಿಸ್ತೂಲಿಗೆ ಇದರ ವಿರುದ್ಧ ಸರಿ: ಅಲ್ಲಿ ಬೆರಳು ಅಲುಗಬಾರದು, ಗೀರು ಬೇಕು. ಎ.ಎಸ್.ಪಿ.ಯ ಮೇಲ್ಮೈಯಲ್ಲಿ ಎಲ್ಲಿಯೂ ಚೂಪು ಅಂಚು ಉಳಿಯದಂತೆ ಅರ ಹಾಕಲಾಗಿತ್ತು. ಬಟ್ಟೆಗೆ ಸಿಕ್ಕದಿರಲೆಂದು ಕೈಗೊಂಡ ಆ ಕ್ರಮದ ಹಿಂದಿನ ತತ್ತ್ವವೇ ಉದ್ದ ಎಳೆತದ ಟ್ರಿಗರಿಗೂ ಅನ್ವಯಿಸುತ್ತದೆ.

ಎಳೆತವನ್ನು ಸುಧಾರಿಸುವ ಎರಡು ದಾರಿಗಳನ್ನು ಬೇರ್ಪಡಿಸಿ ನೋಡಬೇಕು. ಟ್ರಿಗರಿನಿಂದ ಹ್ಯಾಮರಿನವರೆಗೆ ಬಲವನ್ನು ಒಯ್ಯುವ ಪಟ್ಟಿ ಚೌಕಟ್ಟಿಗೆ ಉಜ್ಜುವ ಜಾಗ, ಕೀಲುಗಳು, ಸ್ಪ್ರಿಂಗ್ ಕೂರುವ ತುದಿ ಇವುಗಳನ್ನು ನಯಗೊಳಿಸಿದರೆ ಎಳೆತದ ಗರಗರ ಹೋಗುತ್ತದೆ, ಭಾರ ಸ್ವಲ್ಪವೇ ಇಳಿದರೂ ಬೆರಳಿಗೆ ಬಹಳ ಇಳಿದಂತೆ ಅನಿಸುತ್ತದೆ. ಇದು ನಿರಪಾಯವಾದ ದಾರಿ. ಇನ್ನೊಂದು, ಎತ್ತಿ ನಿಂತ ಹ್ಯಾಮರನ್ನು ಹಿಡಿದಿಡುವ ಸಿಯರ್ ಮತ್ತು ಹ್ಯಾಮರಿನ ಹಲ್ಲು ಪರಸ್ಪರ ಕಚ್ಚಿಕೊಳ್ಳುವ ಮೇಲ್ಮೈಯನ್ನೇ ಸವೆಸುವುದು. ಆ ಕಚ್ಚು ಕೂದಲೆಳೆಯ ಲೆಕ್ಕದ್ದು. ಅದರ ಕೋನ ತಪ್ಪಿದರೆ ಸ್ಲೈಡ್ ಮುಂದೆ ಬಡಿದ ಕಂಪನಕ್ಕೇ ಹ್ಯಾಮರ್ ಕಳಚಿ ಬೀಳಬಹುದು, ಪಿಸ್ತೂಲು ಕೈಜಾರಿ ನೆಲಕ್ಕೆ ಬಿದ್ದಾಗ ಹಾರಬಹುದು, ಒಂದು ಎಳೆತಕ್ಕೆ ಎರಡು ಗುಂಡು ಹೊರಡಬಹುದು. ಮೇಲ್ಮೈಯನ್ನು ಮಾತ್ರ ಗಟ್ಟಿ ಮಾಡಿದ ಉಕ್ಕಿನ ಭಾಗಗಳಲ್ಲಿ ಆ ಗಟ್ಟಿ ಪದರ ತೀರ ತೆಳುವು. ಅರ ಅದನ್ನು ದಾಟಿ ಮೆತ್ತನೆಯ ಒಳಲೋಹಕ್ಕೆ ಇಳಿದರೆ, ಮೊದಲ ದಿನ ಸೊಗಸಾಗಿದ್ದ ಎಳೆತ ಕೆಲವು ನೂರು ಗುಂಡುಗಳ ಬಳಿಕ ತಾನೇ ಬದಲಾಗುತ್ತ ಹೋಗುತ್ತದೆ. ಮನೆಯ ಮೇಜಿನ ಮೇಲೆ ಅರ ಹಿಡಿದು ಕೂರುವವರು ಕೈ ಹಾಕಬಾರದ ಜಾಗ ಇದು. ತರಬೇತಾದ ಗನ್‌ಸ್ಮಿತ್ ಕೂಡ ಇಲ್ಲಿ ಭಾಗವನ್ನು ಹಿಡಿಕಟ್ಟಿನಲ್ಲಿ ಬಿಗಿದು, ಭೂತಗನ್ನಡಿಯಡಿ ನೋಡುತ್ತ ಕೆಲಸ ಮಾಡುತ್ತಾನೆ.

ಮಾಡೆಲ್ 39ರ ಕಾಲಮಾನವೂ ಈ ಎಚ್ಚರಿಕೆಗೆ ತೂಕ ಕೊಡುತ್ತದೆ. ಟ್ರಿಗರನ್ನು ಪೂರ್ತಿ ಎಳೆಯುವವರೆಗೂ ಫೈರಿಂಗ್ ಪಿನ್ನನ್ನು ತಾನಾಗಿ ಬಂಧಿಸಿಡುವ ವ್ಯವಸ್ಥೆಯನ್ನು ಸ್ಮಿತ್ ಅಂಡ್ ವೆಸ್ಸನ್ ಅಳವಡಿಸಿದ್ದು 1980ರ ಹೊತ್ತಿಗೆ ಬಂದ ಎರಡನೆಯ ಪೀಳಿಗೆಯ ಪಿಸ್ತೂಲುಗಳಲ್ಲಿ. ಹಳೆಯ 39ರಲ್ಲಿ ಅದಿಲ್ಲ. ಸಿಯರ್ ಕೈಕೊಟ್ಟರೆ ಹಿಂದೆ ನಿಂತು ತಡೆಯುವ ಎರಡನೆಯ ಬಾಗಿಲು ಅಲ್ಲಿಲ್ಲದಿರುವುದರಿಂದ, ಹೊಸ ಪಿಸ್ತೂಲಿನಲ್ಲಿ ಬಚಾವಾಗಬಹುದಾದ ತಪ್ಪಿಗೆ ಹಳೆಯದರಲ್ಲಿ ಕ್ಷಮೆಯಿಲ್ಲ.

ಟ್ರಿಗರಿನ ಸುತ್ತಲಿನ ಕಾವಲು ಬಳೆಯ ವಿಷಯದಲ್ಲಿ ಎ.ಎಸ್.ಪಿ.ಯ ನಿರ್ಧಾರ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಬಳೆಯ ಮುಂಭಾಗವನ್ನು ಒಳಬಾಗಿಸಿ, ಎರಡು ಕೈಯಲ್ಲಿ ಹಿಡಿದಾಗ ಎಡಗೈಯ ತೋರುಬೆರಳನ್ನು ಅಲ್ಲಿ ಕೊಂಡಿಯಂತೆ ಸಿಕ್ಕಿಸುವಂತೆ ಮಾಡಲಾಗಿತ್ತು. ಆ ಹಿಡಿತ ಆಗ ಹೊಸದು, ಮುಂದೆ ಹತ್ತಾರು ತಯಾರಕರು ಅನುಸರಿಸಿದರು. ಆದರೆ ಬೆರಳನ್ನು ಅಲ್ಲಿಟ್ಟರೆ ಎಡಗೈಯ ಬಲ ಹಿಡಿಯಿಂದ ದೂರ ಸರಿದು ಮೂತಿಯನ್ನು ಕೆಳಗೆಳೆಯುತ್ತದೆ. ಇಂದಿನ ಬಹುತೇಕ ಬೋಧಕರು ಎರಡೂ ಕೈಗಳನ್ನು ಹಿಡಿಯ ಮೇಲೆಯೇ ಒಟ್ಟಾಗಿಡಲು ಹೇಳುವುದು ಇದೇ ಕಾರಣಕ್ಕೆ. ಉಳಿದ ಬದಲಾವಣೆಗಳು, ಅಂದರೆ ಒಳಗೆ ಎಷ್ಟು ಗುಂಡು ಉಳಿದಿವೆ ಎಂದು ಕಾಣಿಸುವ ಪಾರದರ್ಶಕ ಹಿಡಿಪಟ್ಟಿಗಳು, ಮ್ಯಾಗಜೀನಿನ ತಳಕ್ಕೆ ಕಿರುಬೆರಳಿಗೊಂದು ಆಸರೆ, ಸ್ಲೈಡಿಗೆ ಟೆಫ್ಲಾನ್ ಲೇಪ, ಮುಂದಿನ ಗುರಿಮೊನೆಯನ್ನೇ ತೆಗೆದುಹಾಕಿ ಸ್ಲೈಡಿನ ಹಿಂಭಾಗದಲ್ಲಿ ಹಳದಿ ಗೋಡೆಗಳ ಕಾಲುವೆಯಂತೆ ಕೊರೆದ ಗಟರ್‌ಸ್ನೈಪ್ ಎಂಬ ಗುರಿಸಾಧನ, ಇವೆಲ್ಲ ಪ್ರಸಿದ್ಧವೇ ಹೌದು. ನಮ್ಮ ವಿಷಯಕ್ಕೆ ಹೊರಗಿನವು.

ಥಿಯೋಡರ್ ಮೊದಲಿಗರೂ ಅಲ್ಲ. ಕೋಲ್ಟ್ ಕಂಪನಿಯ ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್ 1920ರ ದಶಕದಲ್ಲೇ ರಿವಾಲ್ವರುಗಳ ಹ್ಯಾಮರಿನ ಕೊಂಬು ಕತ್ತರಿಸಿ, ನಳಿಗೆ ಗಿಡ್ಡ ಮಾಡಿ, ಟ್ರಿಗರ್ ಬಳೆಯ ಮುಂಭಾಗವನ್ನೇ ಕತ್ತರಿಸಿ ತೆರೆದಿಟ್ಟಿದ್ದರು. ಬೆರಳು ತಡವಿಲ್ಲದೆ ಟ್ರಿಗರಿಗೆ ತಲಪಲಿ ಎಂಬುದು ಅವರ ಉದ್ದೇಶ. ಕೊಂಬಿನ ವಿಷಯದಲ್ಲಿ ಅವರ ತರ್ಕ ಉಳಿದು ಬೆಳೆಯಿತು. ತೆರೆದ ಬಳೆಯ ತರ್ಕ ಬೆಳೆಯಲಿಲ್ಲ, ಬೆಳೆಯದಿದ್ದದ್ದೇ ಒಳ್ಳೆಯದಾಯಿತು. ಬೆರಳಿಗೆ ಸುಲಭವಾಗಿ ಸಿಗುವ ಟ್ರಿಗರ್ ಜೇಬಿನೊಳಗಿನ ಬೀಗದ ಕೈಗೂ ಅಷ್ಟೇ ಸುಲಭವಾಗಿ ಸಿಗುತ್ತದೆ.

ಎ.ಎಸ್.ಪಿ.ಯ ಪಕ್ಕದಲ್ಲಿಟ್ಟು ನೋಡಬೇಕಾದ ನಿಜವಾದ ಜೋಡಿ ಅದೇ ದಶಕದಲ್ಲಿ ಸಿಯಾಟಲ್‌ನಿಂದ ಬಂದ ಡಿಟೋನಿಕ್ಸ್ ಕಾಂಬ್ಯಾಟ್‌ಮಾಸ್ಟರ್. ಅದೂ ದೊಡ್ಡ ಪಿಸ್ತೂಲೊಂದನ್ನು ಗಿಡ್ಡಗೊಳಿಸಿದ ವಿನ್ಯಾಸವೇ, ಮೂಲ ಮಾತ್ರ ಕೋಲ್ಟ್ 1911. ಅದರ ಟ್ರಿಗರ್ ಹ್ಯಾಮರನ್ನು ಬಿಡಬಲ್ಲುದೇ ಹೊರತು ಎತ್ತಲಾರದು. ಹ್ಯಾಮರ್ ಕೆಳಗಿಳಿಸಿ ಒಯ್ಯುವವರು ಬಳಸುವ ಮುನ್ನ ಹೆಬ್ಬೆರಳಿನಿಂದ ಅದನ್ನು ಎತ್ತಲೇಬೇಕು. ಹಾಗಾಗಿ ಅಲ್ಲಿನ ವಿನ್ಯಾಸಕಾರರು ಕೊಂಬನ್ನು ಉಳಿಸಿಕೊಂಡದ್ದಲ್ಲದೆ, ಹೆಬ್ಬೆರಳು ಅದಕ್ಕೆ ಸುಲಭವಾಗಿ ತಲಪಲೆಂದು ಸ್ಲೈಡಿನ ಹಿಂತುದಿಯನ್ನೇ ಇಳಿಜಾರಾಗಿ ಕತ್ತರಿಸಿ, ಹಿಂದಿನ ಗುರಿಪಟ್ಟಿಯನ್ನು ಮುಂದಕ್ಕೆ ಸರಿಸಿದರು. ಒಬ್ಬರು ಕೊಂಬನ್ನು ಕತ್ತರಿಸಿದರು, ಇನ್ನೊಬ್ಬರು ಕೊಂಬಿಗಾಗಿ ಸ್ಲೈಡನ್ನು ಕತ್ತರಿಸಿದರು. ಎರಡೂ ಸರಿಯಾದ ಉತ್ತರಗಳೇ, ಯಾಕೆಂದರೆ ಟ್ರಿಗರುಗಳು ಬೇರೆ. 1911ರ ಮಾದರಿಯ ಪಿಸ್ತೂಲಿನ ಹ್ಯಾಮರಿಗೆ ಎ.ಎಸ್.ಪಿ.ಯ ರೂಪ ಬೇಕೆಂದು ಕೇಳಿಬರುವ ಗಿರಾಕಿಗೆ ಗನ್‌ಸ್ಮಿತ್ ಕೇಳಬೇಕಾದ ಮೊದಲ ಪ್ರಶ್ನೆ, ನೀವು ಇದನ್ನು ಯಾವ ಸ್ಥಿತಿಯಲ್ಲಿ ಒಯ್ಯುತ್ತೀರಿ ಎಂಬುದು.

ಕಾನೂನಿನ ಕಡೆಯಿಂದ ನೋಡಿದಾಗ ಹ್ಯಾಮರಿನ ಕೊಂಬು ತೆಗೆಯುವುದಕ್ಕೂ ಟ್ರಿಗರನ್ನು ಹಗುರ ಮಾಡುವುದಕ್ಕೂ ವ್ಯತ್ಯಾಸ ದೊಡ್ಡದು. ಆತ್ಮರಕ್ಷಣೆಯ ಪ್ರಕರಣ ನ್ಯಾಯಾಲಯಕ್ಕೆ ಹೋದಾಗ, ಹ್ಯಾಮರನ್ನು ಎತ್ತಿ ನಿಲ್ಲಿಸಿಕೊಂಡಿದ್ದನೇ, ಟ್ರಿಗರನ್ನು ಬೇಕೆಂದೇ ಸೂಕ್ಷ್ಮಗೊಳಿಸಿದ್ದನೇ, ಗುಂಡು ಉದ್ದೇಶವಿಲ್ಲದೆ ಹಾರಿತೇ ಎಂಬ ಪ್ರಶ್ನೆಗಳು ಏಳುತ್ತವೆ. ಲಾಸ್ ಏಂಜಲಿಸ್ ಪೊಲೀಸ್ ಇಲಾಖೆ ತನ್ನ ರಿವಾಲ್ವರುಗಳ ಹ್ಯಾಮರನ್ನು ಎತ್ತಿ ನಿಲ್ಲಿಸಲು ಬಾರದಂತೆಯೇ ಮಾರ್ಪಡಿಸಿ, ಪ್ರತಿ ಗುಂಡಿಗೂ ಉದ್ದ ಎಳೆತವನ್ನೇ ಕಡ್ಡಾಯಗೊಳಿಸಿತ್ತು. ನ್ಯೂಯಾರ್ಕ್ ನಗರದ ಪೊಲೀಸರು 1993ರಲ್ಲಿ 9 ಮಿ.ಮೀ. ಪಿಸ್ತೂಲುಗಳಿಗೆ ಬದಲಾದಾಗಲೂ ಭಾರವಾದ ಎಳೆತವನ್ನೇ ಪಟ್ಟುಹಿಡಿದು ಕೇಳಿ, ಗ್ಲಾಕ್ ಪಿಸ್ತೂಲಿಗೆ ಸುಮಾರು 12 ಪೌಂಡಿನ ಟ್ರಿಗರ್ ಹಾಕಿಸಿಕೊಂಡರು. ಕೊಂಬು ಕತ್ತರಿಸಿದ ಹ್ಯಾಮರ್ ಈ ವಾದದಲ್ಲಿ ಮಾಲೀಕನ ಪರವಾಗಿಯೇ ನಿಲ್ಲುತ್ತದೆ: ಅದನ್ನು ಕೈಯಿಂದ ಎತ್ತಲು ಹಿಡಿಯೇ ಇಲ್ಲ. ಎರಡು ಪೌಂಡಿಗೆ ಇಳಿಸಿದ ಟ್ರಿಗರಿನ ಬಗ್ಗೆ ಆ ಮಾತು ಹೇಳುವಂತಿಲ್ಲ.

ಅಮೆರಿಕದಲ್ಲಿ ಇಂಥ ಕೆಲಸವನ್ನು ವೃತ್ತಿಯಾಗಿ ಮಾಡುವವರಿಗೆ ಫೆಡರಲ್ ಪರವಾನಗಿ ಬೇಕು, ಮಾಲೀಕ ತನ್ನದನ್ನು ತಾನು ದುರಸ್ತಿ ಮಾಡಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಭಾರತದ ಓದುಗರು ಈ ಪ್ರಕರಣವನ್ನು ಓದುವಾಗ ನೆನಪಿಡಬೇಕಾದದ್ದು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಬಂದೂಕುಗಳ ತಯಾರಿಕೆಯ ಜೊತೆಗೆ ಪರಿವರ್ತನೆ ಮತ್ತು ದುರಸ್ತಿಗೂ ಪರವಾನಗಿ ಬೇಕೆನ್ನುತ್ತದೆ, 6ನೇ ಸೆಕ್ಷನ್ ನಳಿಗೆಯನ್ನು ಗಿಡ್ಡ ಮಾಡುವುದನ್ನೇ ಹೆಸರಿಸಿ ಪರವಾನಗಿಯಿಲ್ಲದೆ ಮಾಡಬಾರದೆನ್ನುತ್ತದೆ, ಮತ್ತು 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರ್ (ನಳಿಗೆಯ ಒಳವ್ಯಾಸ) ವರ್ಗಕ್ಕೆ ಸೇರುತ್ತದೆ. ಇಲ್ಲಿ .32 ಪಿಸ್ತೂಲಿನ ಲೈಸೆನ್ಸ್ ಇರುವವರು ಹ್ಯಾಮರ್ ಸರಿಯಾಗಿ ಹೊಡೆಯುತ್ತಿಲ್ಲವೆಂದು ಕಂಡರೆ ಒಯ್ಯಬೇಕಾದದ್ದು ಪರವಾನಗಿ ಪಡೆದ ದುರಸ್ತಿದಾರರ ಬಳಿಗೇ.

ಎ.ಎಸ್.ಪಿ. ಕೈಕೆಲಸದ ಪಿಸ್ತೂಲಾಗಿದ್ದರಿಂದ ಅದರ ಬೆಲೆ ಮೂಲ ಪಿಸ್ತೂಲಿನ ಹಲವು ಪಟ್ಟಾಯಿತು, ಸಂಖ್ಯೆ ಕಡಿಮೆಯೇ ಉಳಿಯಿತು. ಉತ್ಪಾದನೆ ಮುಂದೆ ವಿಸ್ಕಾನ್ಸಿನ್ ರಾಜ್ಯದ ಆಪಲ್‌ಟನ್ ಊರಿಗೆ ಹೋಯಿತು, ಅಲ್ಲಿನ ಎ.ಎಸ್.ಪಿ. ಸಂಸ್ಥೆ ಇಂದು ಹೆಚ್ಚಾಗಿ ಪರಿಚಿತವಾಗಿರುವುದು ಪೊಲೀಸರು ಬಳಸುವ, ಒಂದರೊಳಗೊಂದು ಸರಿದು ಚಿಕ್ಕದಾಗುವ ಲಾಠಿಗಳಿಂದ. ಪಿಸ್ತೂಲಿನ ವಿಚಾರಗಳನ್ನು ಕಡೆಗೆ ಮೂಲ ಕಾರ್ಖಾನೆಯೇ ಎತ್ತಿಕೊಂಡಿತು. 1983ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ತಂದ ಮಾಡೆಲ್ 469ಕ್ಕೆ 3.5 ಅಂಗುಲದ ನಳಿಗೆ, 12 ಗುಂಡಿನ ಮ್ಯಾಗಜೀನ್, ಒಳಬಾಗಿದ ಟ್ರಿಗರ್ ಬಳೆ ಮತ್ತು ಕಾರ್ಖಾನೆಯಲ್ಲೇ ಕೊಂಬು ತೆಗೆದ ಹ್ಯಾಮರ್ ಇದ್ದವು. ದಶಕದ ಕೊನೆಗೆ ಬಂದ 3913 ಒಂದೇ ಸಾಲಿನ 8 ಗುಂಡಿಗೆ ಮರಳಿ, ತೆಳ್ಳಗಿನ ರೂಪದಲ್ಲಿ ಎ.ಎಸ್.ಪಿ.ಗೆ ಇನ್ನೂ ಹತ್ತಿರವಾಯಿತು. ಅದರ ಸೋದರ ಮಾದರಿ 3953ರಲ್ಲಿ ಪ್ರತಿ ಗುಂಡಿಗೂ ಉದ್ದ ಎಳೆತವೇ. ಹ್ಯಾಮರ್ ಎಂದೂ ಎತ್ತಿ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಇಳಿಸಲು ಸನ್ನೆಯೂ ಬೇಕಾಗಲಿಲ್ಲ, ಸ್ಲೈಡಿನ ಮೇಲಿಂದ ಅದನ್ನೂ ತೆಗೆದುಹಾಕಲಾಯಿತು.